ನುಣುಪಾದ ರಸ್ತೆ, ತಡವಾದ ಬ್ರೇಕು

ಡಿಪೋದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಬೆಣ್ಣೆ ಡ್ರೈವರ್ ಅಂದರೆ ಸಾಕು, ಟೈರಿಗೆ ಗಾಳಿ ತುಂಬುವವನಿಂದ ಮ್ಯಾನೇಜರ್‌ವರೆಗೆ ಎಲ್ಲರಿಗೂ ಗೊತ್ತು. ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದ ಮನುಷ್ಯ. ಅವರು ಬ್ರೇಕು ಹಾಕಿದರೆ ನಿಂತವರು ಕಂಬಿ ಹಿಡಿಯಬೇಕಾಗಿರಲಿಲ್ಲ. ಬಸ್ಸು ನಿಂತಿತೆನ್ನುವುದು ಬಾಗಿಲು ತೆರೆದ ಸದ್ದಿನಿಂದಲೇ ತಿಳಿಯಬೇಕು. ಬೆಣ್ಣೆಯಿಂದ ಕೂದಲೆಳೆದ ಹಾಗೆ ನಿಲ್ಲಿಸುತ್ತಾರೆ ಎಂದು ಯಾವುದೋ ಕಾಲದಲ್ಲಿ ಒಬ್ಬ ಕಂಡಕ್ಟರ್ ಆಡಿದ ಮಾತು ಹೆಸರಾಗಿ ಅಂಟಿಕೊಂಡಿತ್ತು. ಬಸುರಿಯರು, ಕಣ್ಣಿನ ಆಪರೇಷನ್ ಮಾಡಿಸಿಕೊಂಡ ಮುದುಕರು, ಮೊಟ್ಟೆಯ ಟ್ರೇ ಹಿಡಿದ ಅಂಗಡಿಯವರು, ಬಂದ ಬಸ್ಸು ಬಿಟ್ಟು ಇವರ ಬಸ್ಸಿಗೇ ಕಾಯುತ್ತಿದ್ದರು.

ನಿವೃತ್ತಿಗೆ ಎರಡು ವರ್ಷ ಇದೆ ಎನ್ನುವಾಗ, ಒಂದು ಬೆಳಿಗ್ಗೆ, ಬೂಟಿನ ಲೇಸು ಕಟ್ಟಲು ಬಗ್ಗಿದವರಿಗೆ ಬಲಗೈ ಮಾತು ಕೇಳಲಿಲ್ಲ. ಲೇಸು ಬೆರಳ ಸಂದಿಯಿಂದ ಜಾರಿತು. ಹೆಂಡತಿಯನ್ನು ಕರೆಯಲು ಬಾಯಿ ತೆರೆದರೆ ಬಂದದ್ದು ಮಾತಲ್ಲ. ಲಕ್ವ ಹೊಡೆದಿತ್ತು. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿಸಿದ್ದರಿಂದ ಜೀವ ಉಳಿಯಿತು, ನಾಲಗೆಯೂ ತಿಂಗಳೊಳಗೆ ಹದಕ್ಕೆ ಬಂತು. ಬಲಗೈ, ಬಲಗಾಲು ಮಾತ್ರ ಮುನಿಸಿಕೊಂಡ ನೆಂಟರ ಹಾಗಾದವು. ಕರೆದರೆ ಬರುತ್ತಿದ್ದವು, ಆದರೆ ಒಂದು ಗಳಿಗೆ ಯೋಚನೆ ಮಾಡಿ. ಲೈಸೆನ್ಸು ಹೋಯಿತು. ಡಾಕ್ಟರ್ ಅದನ್ನು ಸುತ್ತಿ ಬಳಸಿ ಹೇಳಲಿಲ್ಲ. "ಇನ್ನು ಸ್ಟಿಯರಿಂಗ್ ಬೇಡ" ಎಂದರು, ಅಷ್ಟೆ.

ಮನೆಯಲ್ಲಿ ನಾಲ್ಕು ಜನ. ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುವವಳು. ಕಿಟಕಿಯ ಪಕ್ಕದ ಮಿಷನ್ನಿನ ಮುಂದೆ ಕೂತರೆ ನೀಲಿ ಬಟ್ಟೆಯ ಗುಡ್ಡದ ಹಿಂದೆ ಅವಳ ತುರುಬು ಮಾತ್ರ ಕಾಣುತ್ತಿತ್ತು. ಮಗ ಲಿಫ್ಟ್ ಮೆಕ್ಯಾನಿಕ್, ಯಾವಾಗ ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಓಡಬೇಕಾದವನು. ಸೊಸೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮದುವೆಯಾಗಿ ಬರುವಾಗ ಬಟ್ಟೆಯ ಪೆಟ್ಟಿಗೆ ಒಂದು, ಕಂಪ್ಯೂಟರಿನ ಪೆಟ್ಟಿಗೆ ಒಂದು ತಂದವಳು. ಚಿಕ್ಕಂದಿನಿಂದ ಗೇಮ್ ಆಡುವ ಹುಚ್ಚು. "ಬಟ್ಟೆ ಪೆಟ್ಟಿಗೆ ಚಿಕ್ಕದು, ಇದು ದೊಡ್ಡದು" ಎಂದು ಅತ್ತೆ ಆಗಲೇ ನಕ್ಕಿದ್ದಳು.

ಮಾವ ಮೂರು ತಿಂಗಳು ಗೋಡೆ ನೋಡುತ್ತಾ ಕೂತದ್ದನ್ನು ಸೊಸೆ ಕಂಡಳು. ಒಂದು ಭಾನುವಾರ, ಜೊತೆಗೆ ಕೆಲಸ ಮಾಡುವವಳೊಬ್ಬಳ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಆಟದ ಸ್ಟಿಯರಿಂಗನ್ನೂ ಪೆಡಲುಗಳನ್ನೂ ಹೊತ್ತು ತಂದು, ಊಟದ ಮೇಜಿನ ತುದಿಗೆ ಬಿಗಿದಳು. ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಗೇಮ್ ಒಂದನ್ನು ಹಾಕಿದಳು.

"ಇದೇನಮ್ಮ, ನನ್ನನ್ನ ಕೂಸು ಮಾಡಿಬಿಟ್ಟೆಯಾ?" ಎಂದರು ಬೆಣ್ಣೆ ಡ್ರೈವರ್.

"ಸುಮ್ನೆ ಒಂದ್ ಸಲ ಕೂತ್ಕೊಳ್ಳಿ ಮಾವ. ಇಷ್ಟ ಆಗ್ಲಿಲ್ಲ ಅಂದ್ರೆ ನಾಳೆನೇ ಬಿಚ್ತೀನಿ."

ಕೂತರು. ಕನ್ನಡಿ ಸರಿಮಾಡಿಕೊಳ್ಳಲು ಕೈ ತಾನಾಗಿ ಮೇಲೆ ಹೋಯಿತು. ಅಲ್ಲಿ ಕನ್ನಡಿ ಇರಲಿಲ್ಲ, ಗಾಳಿ ಇತ್ತು. ಮೊದಲ ದಿನ ಎರಡು ಕಂಬಕ್ಕೆ ಗುದ್ದಿದರು. ಎರಡನೆಯ ದಿನ ಒಂದಕ್ಕೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಸಂಜೆ ಐದಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೇಜಿನ ಮುಂದೆ ಕೂರುವುದು ರೂಢಿಯಾಯಿತು. ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟಿಗೂ ವಿಷಯ ಗೊತ್ತಾಗಿ, ಒಳ್ಳೆಯದೇ ಆಯಿತು, ಕೈಕಾಲಿಗೆ ಕೆಲಸ ಸಿಕ್ಕ ಹಾಗಾಯಿತು ಎಂದರು.

ಇದರಲ್ಲಿ ಯಾರೂ ಎಣಿಸದೆ ಇದ್ದದ್ದು ಒಂದು ನಡೆಯಿತು. ಹೆಂಡತಿ ಬಂದು ಪಕ್ಕದ ಕುರ್ಚಿಯಲ್ಲಿ ಕೂರತೊಡಗಿದಳು. ಗಂಡ ಮೂವತ್ತೊಂದು ವರ್ಷ ಬಸ್ಸು ಓಡಿಸಿದರೂ ಅವಳು ಆ ಬಸ್ಸಿನಲ್ಲಿ ಕೂತದ್ದು ನಾಲ್ಕೈದು ಸಲ ಇದ್ದೀತು. ಅವರ ಡ್ಯೂಟಿಯ ಹೊತ್ತಿಗೆ ಇವಳ ಹೊಲಿಗೆ, ಇವಳ ಬಿಡುವಿನ ಹೊತ್ತಿಗೆ ಅವರ ನಿದ್ದೆ. ಈಗ ಮಿಷನ್ನಿನ ದಾರ ಕತ್ತರಿಸಿ, ಮಡಿಲಲ್ಲಿ ಗುಂಡಿ ಹಚ್ಚುವ ಅಂಗಿ ಇಟ್ಟುಕೊಂಡು, "ಇವತ್ತು ಯಾವ ಕಡೆ ಹೋಗೋಣ?" ಎನ್ನುವಳು. ಇವರು ಮುಂದಿನ ತಿರುವಿನಲ್ಲಿ ಏನಿದೆ, ಈ ಲಾರಿಯವ ಯಾಕೆ ಹೀಗೆ ಅಡ್ಡ ಬಂದ ಎಂದು ವಿವರಿಸುವರು. ಮದುವೆಯಾದ ಮೇಲೆ ಇಬ್ಬರೂ ಇಷ್ಟು ಹೊತ್ತು ಒಂದೇ ಕಡೆ ಮುಖ ಮಾಡಿ ಕೂತದ್ದು ಅದೇ ಮೊದಲು ಎಂದು ಮಗ ತಮಾಷೆ ಮಾಡಿದ.

ತೊಡಕು ಇದ್ದದ್ದು ಚಿತ್ರದಲ್ಲಿ. ಸೊಸೆಯ ಕಂಪ್ಯೂಟರ್ ಹಳೆಯದು. ಬಸ್ಸು ಊರೊಳಗೆ ನುಗ್ಗಿ, ಜನ, ಮರ, ಅಂಗಡಿಯ ಗಾಜು ಎಲ್ಲ ಒಟ್ಟಿಗೆ ಬಂದರೆ ಪರದೆಯ ಮೇಲಿನ ರಸ್ತೆ ಕುಂಟತೊಡಗುತ್ತಿತ್ತು. ಡ್ರೈವರಿಗೆ ಅದು ಹೊಂಡ ಬಿದ್ದ ರಸ್ತೆಯ ಹಾಗೆ ಅನ್ನಿಸುತ್ತಿತ್ತೇ ಹೊರತು ಕಷ್ಟವೆನಿಸುತ್ತಿರಲಿಲ್ಲ. ಹೆಂಡತಿಗೆ ಮಾತ್ರ ಹತ್ತು ನಿಮಿಷಕ್ಕೆ ತಲೆ ತಿರುಗಿ, ಹೊಟ್ಟೆ ತೊಳಸಿ, ಕಣ್ಣು ಮುಚ್ಚಿ ಕೂರಬೇಕಾಗುತ್ತಿತ್ತು. ಆದರೂ ಎದ್ದು ಹೋಗುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ, "ಈಗ ಎಲ್ಲಿದೀವಿ?" ಎಂದು ಕೇಳುವಳು.

ಅತ್ತೆ ಹೀಗೆ ಕಣ್ಣು ಮುಚ್ಚಿ ಕೂತದ್ದನ್ನು ನೋಡಿ ಸೊಸೆ ಮರುಗಿದಳು. ಅದೇ ವಾರ ಗೇಮಿಗೆ ಹೊಸ ಅಪ್‌ಡೇಟ್ ಬಂತು. ಎಐ ಫ್ರೇಮ್ ಜನರೇಷನ್ ಎನ್ನುವ ಒಂದು ಗುಂಡಿ ಸೆಟ್ಟಿಂಗಿನಲ್ಲಿ ಹೊಸದಾಗಿ ಕಾಣಿಸಿಕೊಂಡಿತ್ತು. ಹಳೆಯ ಕಂಪ್ಯೂಟರಿಗೂ ಆಗುತ್ತದೆ ಎಂದು ಬರೆದಿತ್ತು. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಆ ಗುಂಡಿ ಒತ್ತಿ ನೋಡಿದಳು. ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ಇಪ್ಪತ್ತೆಂಟು ಚಿತ್ರ ಎಂದು ತೋರಿಸುತ್ತಿದ್ದದ್ದು ಐವತ್ತನಾಲ್ಕಕ್ಕೆ ಹಾರಿತು. ರಸ್ತೆ ರೇಷ್ಮೆಯ ಹಾಗೆ ಬಿಚ್ಚಿಕೊಂಡಿತು. ಖುಷಿಯಾಗಿ, ಹಾಗೇ ಬಿಟ್ಟು ಕೆಲಸಕ್ಕೆ ಓಡಿದಳು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನಿದೆ, ಸಂಜೆ ನೋಡಿದರೆ ತಾವೇ ಬೆರಗಾಗುತ್ತಾರೆ ಎಂದುಕೊಂಡಳು.

ಬೆರಗಾದದ್ದು ನಿಜ. ಆ ಸಂಜೆ ಹೆಂಡತಿ ಒಂದು ಸಲವೂ ಕಣ್ಣು ಮುಚ್ಚಲಿಲ್ಲ. ಐದು ಅಂಗಿಗೆ ಗುಂಡಿ ಹಚ್ಚಿ ಮುಗಿಸಿದಳು. "ರೀ, ಇವತ್ತು ರಸ್ತೆಗೆ ಹೊಸ ಟಾರು ಹಾಕಿದಾರೆ ಅನ್ಸುತ್ತೆ" ಎಂದಳು.

ಆದರೆ ಡ್ರೈವರ್ ಅದೇ ಸಂಜೆ, ಏಳನೆಯ ಸ್ಟಾಪಿನಲ್ಲಿ, ಗೆರೆ ದಾಟಿ ನಿಲ್ಲಿಸಿದರು.

ಒಂದು ಹೆಜ್ಜೆ ಮುಂದೆ, ಅಷ್ಟೇ. ಏನೋ ಯೋಚನೆಯಲ್ಲಿದ್ದೆ ಎಂದುಕೊಂಡರು. ಎಂಟನೆಯ ಸ್ಟಾಪಿನಲ್ಲೂ ಹಾಗೇ ಆಯಿತು. ಒಂಬತ್ತನೆಯದಕ್ಕೆ ಬೇಕೆಂದೇ ಮೊದಲೇ ಕಾಲಿಟ್ಟರು. ಬಸ್ಸು ಗೆರೆಗಿಂತ ಹಿಂದೆಯೇ ಮುಗ್ಗರಿಸಿ ನಿಂತಿತು. ಗೇಮಿನಲ್ಲಿ ಪ್ರಯಾಣಿಕರಿಗೆ ಎಷ್ಟು ಹಿತವಾಗಿದೆ ಎಂದು ತೋರಿಸುವ ಹಸಿರು ಪಟ್ಟಿ ಇತ್ತು. ಇವರ ಬಸ್ಸಿನಲ್ಲಿ ಅದು ಯಾವಾಗಲೂ ತುಂಬಿಯೇ ಇರುತ್ತಿತ್ತು. ಈಗ ಮೊದಲ ಸಲ ಹಳದಿಗೆ ತಿರುಗಿತು. ಹಿಂದಿನ ಸೀಟಿನ ಒಬ್ಬಳು ಬೊಂಬೆಹೆಂಗಸು ಬೈದಳು.



ರಸ್ತೆ ಹೊಸದಾಗಿ ನುಣುಪಾಗಿದೆ, ಬಸ್ಸು ಸರಾಗವಾಗಿ ಹೋಗುತ್ತಿದೆ, ಪಕ್ಕದಲ್ಲಿ ಕೂತವಳು ನಗುತ್ತಿದ್ದಾಳೆ. ಎಲ್ಲವೂ ಸರಿಯಾಗಿದ್ದು ಬ್ರೇಕು ಮಾತ್ರ ತಡವೆಂದರೆ, ತಪ್ಪು ಎಲ್ಲಿದೆ? ಅವರು ಮೇಜಿನ ಕೆಳಗೆ ತಮ್ಮ ಬಲಗಾಲನ್ನು ನೋಡಿಕೊಂಡರು. ಅದು ಏನೂ ಗೊತ್ತಿಲ್ಲದ ಹಾಗೆ ಪೆಡಲಿನ ಮೇಲೆ ಕೂತಿತ್ತು.

ಮುಂದಿನ ಹತ್ತು ದಿನ ಅವರು ಯಾರಿಗೂ ಬಾಯಿಬಿಡಲಿಲ್ಲ. ಕಾಲನ್ನು ಕದ್ದು ಪರೀಕ್ಷೆ ಮಾಡತೊಡಗಿದರು. ಹಲ್ಲುಜ್ಜುವಾಗ ಹೆಬ್ಬೆರಳು ಆಡಿಸಿ ನೋಡುವರು. ಮೆಟ್ಟಿಲು ಇಳಿಯುವಾಗ ಎಣಿಸುವರು. ಹೆಂಡತಿ ತುಂಬಿದ ಟೀ ಲೋಟ ಕೊಟ್ಟರೆ ಬಲಗೈ ಹಿಂದೆ ಸರಿಸಿ ಎಡಗೈಯಲ್ಲಿ ತೆಗೆದುಕೊಳ್ಳುವರು. ಎದುರಿನ ರಸ್ತೆ ದಾಟಿ ಪೇಪರ್ ತರುವುದನ್ನು ನಿಲ್ಲಿಸಿದರು. ಕೇಳಿದರೆ, "ಅದರಲ್ಲಿ ಇರೋದೆಲ್ಲ ಸುಳ್ಳು, ಯಾಕೆ ಓದೋದು" ಎಂದರು. ಎರಡನೆಯ ಸಲದ ಲಕ್ವ ಮೊದಲಿನ ಹಾಗೆ ಹೊಡೆದು ಬರುವುದಿಲ್ಲ, ಕೆಲವರಿಗೆ ಕಳ್ಳನ ಹಾಗೆ ಒಂದೊಂದೇ ಸಾಮಾನು ಎತ್ತಿಕೊಂಡು ಹೋಗುತ್ತದೆ ಎಂದು ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಹಾಸಿಗೆಯವನು ಹೇಳಿದ್ದ. ಆ ಮಾತು ಕಿವಿಯಿಂದ ಹೋಗುತ್ತಿರಲಿಲ್ಲ.

ಅದರ ನಡುವೆಯೇ ಡಿಪೋದಿಂದ ಫೋನು ಬಂತು. ಇವರ ಜೊತೆ ಹನ್ನೆರಡು ವರ್ಷ ಕಂಡಕ್ಟರಾಗಿದ್ದವರು ಈಗ ಹೊಸ ಡ್ರೈವರುಗಳ ತರಬೇತಿ ನೋಡಿಕೊಳ್ಳುತ್ತಿದ್ದರು.

"ಗುರುವೇ, ವಾರಕ್ಕೆ ಎರಡು ಬೆಳಿಗ್ಗೆ ಬಾ ಸಾಕು. ನೀನು ಓಡಿಸಬೇಕಾಗಿಲ್ಲ. ಪಕ್ಕದ ಸೀಟಲ್ಲಿ ಕೂತು ಬಾಯಲ್ಲಿ ಹೇಳು. ಈಗ ಬರೋರೆಲ್ಲ ಬ್ರೇಕು ತುಳಿಯೋದು ಹಾವು ತುಳಿದ ಹಾಗೆ."

ಒಂದು ತಿಂಗಳ ಹಿಂದೆ ಆಗಿದ್ದರೆ ಅವತ್ತೇ ಅಂಗಿ ಇಸ್ತ್ರಿ ಮಾಡುತ್ತಿದ್ದರು. ಈಗ, "ನನ್ನ ಕೈಲಿ ಆಗಲ್ಲಪ್ಪ. ಬೇರೆಯವರನ್ನ ನೋಡಿಕೋ" ಎಂದು ಫೋನಿಟ್ಟರು. ತನ್ನ ಕಾಲೇ ತನ್ನ ಮಾತು ಕೇಳದಿರುವಾಗ ಇನ್ನೊಬ್ಬರ ಕಾಲಿಗೆ ಯಾವ ಮುಖದಲ್ಲಿ ಪಾಠ ಹೇಳುವುದು?

ಹನ್ನೊಂದನೆಯ ದಿನ ಐದು ಗಂಟೆಗೆ ಅವರು ಮೇಜಿನ ಮುಂದೆ ಬರಲಿಲ್ಲ. ಹೆಂಡತಿ ಗುಂಡಿಯ ಡಬ್ಬಿ ಹಿಡಿದು ಕುರ್ಚಿಯಲ್ಲಿ ಕಾದು ಕೂತಿದ್ದಳು.

"ಬರಲ್ವಾ?"

"ಸಾಕಾಯ್ತು ಕಣೇ. ಮಕ್ಕಳಾಟ ಎಷ್ಟು ದಿನ ಆಡೋದು?"

ಅವಳು ಡಬ್ಬಿ ಮುಚ್ಚಿ, ಮತ್ತೆ ಮಿಷನ್ನಿನ ಹಿಂದೆ ಹೋಗಿ ಕೂತಳು. ಅವತ್ತು ಮಿಷನ್ನು ತುಂಬ ಜೋರಾಗಿ ಓಡಿತು.

ಅದರ ಮುಂದಿನ ವಾರದ ಗುರುವಾರ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುವ ದಿನ. ಮಗನಿಗೆ ಯಾವುದೋ ಹದಿನಾಲ್ಕು ಅಂತಸ್ತಿನ ಕಟ್ಟಡದ ಕರೆ ಬಂದದ್ದರಿಂದ, ರಜೆಯಲ್ಲಿದ್ದ ಸೊಸೆ ಮಾವನನ್ನು ಕರೆದುಕೊಂಡು ಹೋದಳು. ಫಿಸಿಯೋಥೆರಪಿಸ್ಟ್ ಒಬ್ಬರು ದಪ್ಪ ಕನ್ನಡಕದ ಹೆಂಗಸು, ನಿಧಾನ ಮಾತಿನವರು. ಅವರು ಎಂದಿನಂತೆ ಒಂದು ಅಡಿ ಸ್ಕೇಲನ್ನು ನೆಟ್ಟಗೆ ಹಿಡಿದು, ಮಾವನ ಬಲಗೈಯ ಬೆರಳುಗಳ ನಡುವೆ ಅದು ಜಾರುವ ಹಾಗೆ ಕೈಬಿಟ್ಟರು. ಎಷ್ಟನೆಯ ಸೆಂಟಿಮೀಟರಿನ ಹತ್ತಿರ ಹಿಡಿಯುತ್ತಾರೆ ಎನ್ನುವುದರ ಮೇಲೆ ಕೈ ಎಷ್ಟು ಚುರುಕಾಗಿದೆ ಎಂಬ ಲೆಕ್ಕ. ಮೂರು ಸಲ ಬಿಟ್ಟರು. ಆಮೇಲೆ ನೆಲಕ್ಕೆ ಬಿಗಿದ ಒಂದು ಸ್ವಿಚ್ಚನ್ನು ದೀಪ ಹತ್ತಿದ ಕೂಡಲೆ ಕಾಲಿನಿಂದ ಒತ್ತಿಸಿದರು.

"ಚೆನ್ನಾಗಿದೆ. ಹೋದ ತಿಂಗಳು ಇಪ್ಪತ್ತೆರಡನೇ ಗೆರೆ ಹತ್ರ ಹಿಡಿದಿದ್ರಿ, ಇವತ್ತು ಹತ್ತೊಂಬತ್ತು. ಕಾಲೂ ಸುಧಾರಿಸಿದೆ" ಎಂದರು.

ಡ್ರೈವರ್ ತಲೆಯೆತ್ತಲಿಲ್ಲ. "ಸಮಾಧಾನಕ್ಕೆ ಹೇಳ್ಬೇಡಿ ಮೇಡಂ."

"ಸಮಾಧಾನ ಅಲ್ಲ, ಸ್ಕೇಲು ನೀವೇ ನೋಡಿ."

"ಸ್ಕೇಲು ಕೈಬಿಟ್ಟಿದ್ದು ನೀವು. ಸ್ವಲ್ಪ ನಿಧಾನವಾಗಿ ಬಿಟ್ಟಿರ್ತೀರಿ, ಈ ಮುದುಕನಿಗೆ ಬೇಜಾರಾಗಬಾರದು ಅಂತ." ಅವರು ಒಂದು ಸಲ ಸೊಸೆಯ ಕಡೆ ನೋಡಿ, ದನಿ ತಗ್ಗಿಸಿದರು. ಆದರೆ ಕೋಣೆ ಚಿಕ್ಕದು. "ನನಗೆ ಎರಡನೇ ಸಲ ಆಗ್ತಾ ಇದೆ. ನಿಜ ಹೇಳಿ. ಮನೇಲಿ ಗೇಮ್ ಆಡುವಾಗ ನಾನು ಬ್ರೇಕು ಹಾಕಿದ್ದು ಬಸ್ಸಿಗೆ ತಡವಾಗಿ ಮುಟ್ಟುತ್ತೆ. ನಾನು ಹಾಕ್ದೆ ಅಂದ್ಕೋತೀನಿ, ಕಾಲು ಆಮೇಲೆ ಹಾಕುತ್ತೆ. ಇಪ್ಪತ್ತು ದಿನದ ಹಿಂದೆ ಶುರುವಾಯ್ತು."

ಫಿಸಿಯೋಥೆರಪಿಸ್ಟ್ ಕನ್ನಡಕ ತೆಗೆದು ಕೂತರು. ಸ್ಕ್ಯಾನ್ ಮಾಡಿಸೋಣ, ಅನುಮಾನ ಬೇಡ ಎಂದು ಚೀಟಿ ಬರೆಯತೊಡಗಿದರು.

ಗೋಡೆಯ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಸೊಸೆ ನೆಟ್ಟಗಾದಳು. ಇಪ್ಪತ್ತು ದಿನ. ಅಪ್‌ಡೇಟ್ ಬಂದದ್ದು, ತಾನು ಆ ಗುಂಡಿ ಒತ್ತಿದ್ದು ಎಂದು? ಆ ದಿನ ಆಸ್ಪತ್ರೆಯಲ್ಲಿ ಹೊಸ ಎಕ್ಸ್‌ರೇ ಮಿಷನ್ನು ಬಂದಿತ್ತು, ಆದ್ದರಿಂದ ತಾರೀಕು ನೆನಪಿತ್ತು. ಬೆರಳು ಮಡಿಸಿ ಎಣಿಸಿದಳು. ಇಪ್ಪತ್ತು.

"ಮಾವ," ಎಂದಳು. "ಅದು ನಿಮ್ಮ ಕಾಲಲ್ಲ ಅನ್ಸುತ್ತೆ. ನಾನು."

ಇಬ್ಬರೂ ಅವಳ ಕಡೆ ತಿರುಗಿದರು.

"ಅತ್ತೆಗೆ ತಲೆ ತಿರುಗಬಾರದು ಅಂತ ನಾನೊಂದು ಸೆಟ್ಟಿಂಗ್ ಬದಲಾಯಿಸಿದ್ದೆ. ಅದರಿಂದ ಸ್ವಲ್ಪ ತಡ ಆಗುತ್ತೆ ಅಂತ ಓದಿದ್ದೆ. ನಾನು ಆಡಿದಾಗ ನನಗೇನೂ ಗೊತ್ತಾಗ್ಲಿಲ್ಲ. ಅಷ್ಟು ಸಣ್ಣದು ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ."

ಡ್ರೈವರ್ ನಂಬಿದ ಹಾಗೆ ಕಾಣಲಿಲ್ಲ. ಒಳ್ಳೆಯ ಹುಡುಗಿ, ತನ್ನ ಮೇಲೆ ಹಾಕಿಕೊಂಡು ಮುದುಕನನ್ನು ಕಾಪಾಡುತ್ತಿದ್ದಾಳೆ ಎನ್ನುವ ಹಾಗೆ ನೋಡಿದರು. ಅದು ಅವಳಿಗೆ ಬೈದಿದ್ದಕ್ಕಿಂತ ಜಾಸ್ತಿ ಚುಚ್ಚಿತು.

ಸ್ಕ್ಯಾನ್ ಅವತ್ತೇ ಆಯಿತು. ಹೊಸದೇನೂ ಇಲ್ಲ, ಹಳೆಯ ಕಲೆ ಮಾತ್ರ ಇದೆ ಎಂದು ಡಾಕ್ಟರ್ ಹೇಳಿದರು. ಅದನ್ನೂ ಡ್ರೈವರ್ ಅರ್ಧ ಕಿವಿಯಲ್ಲಿ ಕೇಳಿದರು. ಬಾಯಿಮಾತಿನಿಂದ ಇದು ಮುಗಿಯುವುದಿಲ್ಲ ಎಂದು ಸೊಸೆಗೆ ಗೊತ್ತಾಯಿತು. ಅವಳ ಕೆಲಸವೇ ಒಳಗಿನದನ್ನು ಹೊರಗೆ ತೆಗೆದು ತೋರಿಸುವುದಲ್ಲವೇ.

ಮನೆಗೆ ಬಂದವಳು ಬಟ್ಟೆಯನ್ನೂ ಬದಲಾಯಿಸದೆ ಮೇಜಿನ ಮುಂದೆ ಕುರ್ಚಿ ಎಳೆದಳು. ತನ್ನ ಫೋನನ್ನು ಒಂದು ಡಬ್ಬಿಗೆ ಒರಗಿಸಿ, ಪೆಡಲಿನ ಮೇಲಿನ ಕಾಲು, ಪರದೆಯಲ್ಲಿ ಬಸ್ಸಿನ ಬ್ರೇಕಿನ ಕೆಂಪು ದೀಪ ಎರಡೂ ಕಾಣುವ ಹಾಗೆ ಇಟ್ಟಳು. ಅದಕ್ಕಾಗಿ ಪೆಡಲನ್ನು ಸ್ಟೂಲಿನ ಮೇಲೆ ಏರಿಸಿ, ಮಾವನ ಕುರ್ಚಿಯ ಕೆಳಗೆ ಎರಡು ದಿಂಬು ಇಡಬೇಕಾಯಿತು. ಅವರು ಸಿಂಹಾಸನದ ಮೇಲೆ ಕೂತ ಹಾಗೆ ಕಂಡರು. ಅತ್ತೆ ಬಾಯಿಗೆ ಸೆರಗು ಒತ್ತಿ ನಕ್ಕಳು.

"ಈ ಫೋನು ಒಂದು ಸೆಕೆಂಡನ್ನ ಇನ್ನೂರ ನಲವತ್ತು ತುಂಡು ಮಾಡಿ ಚಿತ್ರ ತೆಗೆಯುತ್ತೆ ಮಾವ. ನಾನು ಕೈ ತಟ್ಟಿದ ತಕ್ಷಣ ಬ್ರೇಕು ಒತ್ತಿ. ಅಷ್ಟೇ ಕೆಲಸ."

ಒತ್ತಿದರು. ಹತ್ತು ಸಲ. ಆಮೇಲೆ ಆ ಸೆಟ್ಟಿಂಗ್ ಆಫ್ ಮಾಡಿ ಇನ್ನೂ ಹತ್ತು ಸಲ. ಮೂವರೂ ಫೋನಿನ ಸುತ್ತ ತಲೆ ಕೂಡಿಸಿ ಕೂತರು. ಸೊಸೆ ಬೆರಳಿನಿಂದ ಒಂದೊಂದೇ ಚಿತ್ರ ಸರಿಸುತ್ತಾ ಗಟ್ಟಿಯಾಗಿ ಎಣಿಸಿದಳು. ಚಪ್ಪಾಳೆಯ ಎರಡು ಅಂಗೈ ಕೂಡುತ್ತವೆ. ಸ್ವಲ್ಪ ಹೊತ್ತಿಗೆ ಪಾದ ಕೆಳಗೆ ಹೋಗಿ ಪೆಡಲು ಮುಟ್ಟುತ್ತದೆ. ಅಲ್ಲಿಂದ ಎಣಿಕೆ. ಮೂವತ್ತು, ಮೂವತ್ತೊಂದು... ಪೆಡಲು ಪೂರ್ತಿ ಕೆಳಗಿದೆ, ಪಾದ ಗಟ್ಟಿಯಾಗಿ ಕೂತಿದೆ, ಪರದೆಯಲ್ಲಿ ದೀಪ ಇನ್ನೂ ಹತ್ತಿಲ್ಲ. ನಲವತ್ತೆಂಟಕ್ಕೆ ಹತ್ತಿತು.

ಸೆಟ್ಟಿಂಗ್ ಆಫ್ ಮಾಡಿದ್ದರಲ್ಲಿ ಇಪ್ಪತ್ತಾರಕ್ಕೇ ಹತ್ತಿತು.

"ನೋಡಿ. ಕಾಲು ಎರಡರಲ್ಲೂ ಒಂದೇ. ತಡ ಆಗಿರೋದು ಪರದೇಲಿ."

ಡ್ರೈವರ್ ಫೋನನ್ನು ತಾವೇ ತೆಗೆದುಕೊಂಡರು, ಬಲಗೈಯಲ್ಲಿ. ಹಿಂದಕ್ಕೆ ಸರಿಸಿ ಮತ್ತೊಮ್ಮೆ ನೋಡಿದರು. ಅವರು ದೀಪ ನೋಡುತ್ತಿರಲಿಲ್ಲ. ತಮ್ಮ ಪಾದವನ್ನು ನೋಡುತ್ತಿದ್ದರು. ಸವೆದ ಹಿಮ್ಮಡಿಯ, ಬೆರಳು ಸ್ವಲ್ಪ ಬಾಗಿದ ಆ ಪಾದ ಚಪ್ಪಾಳೆ ಕೇಳಿದ್ದೇ ತಡ ಎದ್ದು, ಇಳಿದು, ಹೇಳಿದ ಜಾಗಕ್ಕೆ ಸರಿಯಾಗಿ ಹೋಗಿ ಕೂರುತ್ತಿತ್ತು. ಮತ್ತೊಮ್ಮೆ. ಮತ್ತೊಮ್ಮೆ.

"ಹೋಗಿದೆ ಕಣೇ," ಎಂದರು ಹೆಂಡತಿಗೆ, ಬಹಳ ಮೆಲ್ಲಗೆ. "ಹೊತ್ತಿಗೆ ಸರಿಯಾಗಿ ಹೋಗಿದೆ ನನ್ನ ಕಾಲು."

ಅವರ ಕಣ್ಣು ತುಂಬಿ ಬಂತು. ಹೆಂಡತಿ ಅವರ ಭುಜದ ಮೇಲೆ ಕೈಯಿಟ್ಟು, "ಇಪ್ಪತ್ತು ದಿನ ಒಬ್ಬರೇ ಇಟ್ಕೊಂಡು ಕೂತಿದ್ರಲ್ಲ. ನಾನೇನು ಪಕ್ಕದ ಮನೆಯವಳಾ?" ಎಂದಳು.

ಸೊಸೆ ನೆಲ ನೋಡುತ್ತಾ ನಿಂತಿದ್ದಳು. "ತಪ್ಪಾಯ್ತು ಮಾವ. ಹೇಳ್ದೆ ಮಾಡಬಾರದಿತ್ತು."

"ಮಾಡಿದ್ದು ತಪ್ಪಲ್ಲ. ಇವಳಿಗೋಸ್ಕರ ಮಾಡಿದೀಯ." ಅವರು ಮುಖ ಒರೆಸಿಕೊಂಡರು. "ಆದ್ರೆ ಬಸ್ಸಿನ ಬ್ರೇಕಿಗೆ ಯಾರು ಕೈ ಹಾಕಿದ್ರೂ ಲಾಗ್ ಪುಸ್ತಕದಲ್ಲಿ ಬರೀಬೇಕು. ನಮ್ಮ ಡಿಪೋದಲ್ಲಿ ಮೆಕ್ಯಾನಿಕ್ ಒಂದು ಬೋಲ್ಟು ತಿರುವಿದ್ರೂ ಬರೆದು ಸಹಿ ಹಾಕ್ತಿದ್ದ. ಡ್ರೈವರ್ ಓದಿ ಆಮೇಲೆ ಹತ್ತೋನು. ಅದೊಂದು ಕಲಿತ್ಕೋ."

"ಕಲಿತ್ಕೋತೀನಿ."

"ಈಗ ಹೇಳು, ಏನದು? ಯಾಕೆ ತಡ ಆಗುತ್ತೆ?"

ಸೊಸೆ ಗುಂಡಿಯ ಡಬ್ಬಿಯಿಂದ ಬಿಳಿ ಗುಂಡಿ ಎರಡು, ನೀಲಿ ಗುಂಡಿ ಒಂದು ತೆಗೆದಳು. ಬಿಳಿಯವನ್ನು ದೂರ ದೂರ ಇಟ್ಟಳು. "ಇವೆರಡು ಕಂಪ್ಯೂಟರ್ ನಿಜವಾಗಿ ಬರೆದ ಚಿತ್ರ. ಒಂದರಿಂದ ಒಂದಕ್ಕೆ ತುಂಬ ದೂರ, ಅದಕ್ಕೇ ರಸ್ತೆ ಕುಂಟುತ್ತೆ. ಈಗ ಈ ಎಐ ಏನ್ಮಾಡುತ್ತೆ, ಇದನ್ನೂ ಅದನ್ನೂ ನೋಡಿ ಮಧ್ಯದಲ್ಲಿ ಹೀಗಿರಬಹುದು ಅಂತ ಊಹೆ ಮಾಡಿ ಒಂದು ಚಿತ್ರ ತಾನೇ ಬರೆಯುತ್ತೆ." ನೀಲಿ ಗುಂಡಿಯನ್ನು ನಡುವೆ ಇಟ್ಟಳು. "ಕಣ್ಣಿಗೆ ನುಣುಪಾಗಿ ಕಾಣುತ್ತೆ. ಆದ್ರೆ ನಿಮ್ಮ ಬ್ರೇಕು ಆ ನೀಲಿದಕ್ಕೆ ಗೊತ್ತಿರಲ್ಲ."

ಡ್ರೈವರ್ ಗುಂಡಿಗಳನ್ನು ನೋಡುತ್ತಾ ಯೋಚಿಸಿದರು. "ಮಧ್ಯದ್ದು ಬರೀಬೇಕಾದ್ರೆ ಎರಡನೇ ಬಿಳಿದು ಆಗಲೇ ಬಂದಿರಬೇಕಲ್ಲ?"

"ಬಂದಿರುತ್ತೆ. ಬಂದಿದ್ದನ್ನ ತೋರಿಸ್ದೆ ಹಿಡ್ಕೊಂಡಿರುತ್ತೆ, ನೀಲಿದು ಮೊದಲು ಹೋಗ್ಲಿ ಅಂತ."

"ಅಂದ್ರೆ ನನ್ನ ಬಸ್ಸು ಡಿಪೋ ಗೇಟಿಗೆ ಬಂದು ನಿಂತಿದೆ. ಗೇಟಿನವನು, ಇರು ಡ್ರೈವರೇ, ಸಾಲು ತುಂಬಿ ಕಾಣಲಿ, ಮೊದಲು ಈ ಖಾಲಿ ಬಸ್ಸು ಹೋಗಲಿ ಅಂತಾನೆ." ಅವರ ಮುಖದಲ್ಲಿ ಇಪ್ಪತ್ತು ದಿನಗಳಲ್ಲಿ ಮೊದಲ ಸಲ ನಗೆ ಕಂಡಿತು. "ರಸ್ತೇಲಿ ನಿಂತು ನೋಡೋರಿಗೆ, ಅಬ್ಬಾ, ಎಷ್ಟೊಂದು ಬಸ್ಸು. ಒಳಗೆ ಕೂತ ನನಗೆ ಮಾತ್ರ ಲೇಟು."

"ಅದೇ, ಅದೇ."

"ಸರಿ ಹಾಗಾದ್ರೆ ಅದನ್ನ ತೆಗೆದುಬಿಡು."

ತೆಗೆದರು. ಬ್ರೇಕು ಸರಿಹೋಯಿತು, ಏಳನೆಯ ಸ್ಟಾಪಿನ ಗೆರೆಯ ಮೇಲೆ ಬಸ್ಸು ಬಂದು ಕೂತಿತು, ಹಸಿರು ಪಟ್ಟಿ ತುಂಬಿತು. ಆದರೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು ಎಂಟು ನಿಮಿಷಕ್ಕೆ ಸದ್ದಿಲ್ಲದೆ ಕಣ್ಣು ಮುಚ್ಚಿದಳು. ಡ್ರೈವರ್ ಅದನ್ನು ಕನ್ನಡಿಯಲ್ಲಿ ಪ್ರಯಾಣಿಕರನ್ನು ನೋಡುವ ಹಾಗೆ ಓರೆಗಣ್ಣಿನಲ್ಲಿ ನೋಡಿದರು. ಬಸ್ಸನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದರು.

"ಇದೂ ಆಗಲ್ಲ," ಎಂದರು ಸೊಸೆಗೆ. "ಪ್ಯಾಸೆಂಜರಿಗೆ ತಲೆ ತಿರುಗೋ ಹಾಗೆ ಓಡಿಸಿದ್ರೆ ನಾನೆಂಥಾ ಡ್ರೈವರು? ಬೇರೆ ದಾರಿ ಹುಡುಕು."

ಎರಡು ಸಂಜೆ ಅದೇ ಕೆಲಸವಾಯಿತು. ಸೊಸೆ ಅಲ್ಲಿ ಇಲ್ಲಿ ಓದಿದಳು, ತನ್ನ ಜೊತೆ ಗೇಮ್ ಆಡುವ ಗೆಳತಿಯರನ್ನು ಕೇಳಿದಳು. ತಾನು ಎಡವಿದ್ದು ಎಲ್ಲಿ ಎಂದು ಗೊತ್ತಾಯಿತು: ನಿಜವಾದ ಚಿತ್ರಗಳು ಸಾಕಷ್ಟು ಇದ್ದಾಗ ಮಾತ್ರ ಊಹೆಯ ಚಿತ್ರಕ್ಕೆ ಬೆಲೆ. ಇಪ್ಪತ್ತೆಂಟರ ಮೇಲೆ ಊಹೆ ಪೇರಿಸಿದರೆ ತಡ ಜಾಸ್ತಿ. ಅರವತ್ತರ ಮೇಲಾದರೆ ತಡವೂ ಸಣ್ಣದಾಗುತ್ತದೆ. ಹಾಗಾದರೆ ಆ ಹಳೆಯ ಕಂಪ್ಯೂಟರಿನ ತಲೆಯ ಮೇಲಿನ ಹೊರೆ ಇಳಿಸಬೇಕು.

"ಮರದ ನೆರಳು ತೆಗೀಲಾ ಮಾವ?"

"ತೆಗಿ. ನನಗೆ ಬಿಸಿಲೇನೂ ತಾಗಲ್ಲ."

ನೆರಳು ಹೋಯಿತು. ಅಂಗಡಿಯ ಗಾಜಿನಲ್ಲಿ ಬಸ್ಸಿನ ಪ್ರತಿಬಿಂಬ ಹೋಯಿತು. ರಸ್ತೆಯಂಚಿನ ಹುಲ್ಲು ಬೋಳಾಯಿತು. ದೂರದ ಗುಡ್ಡಗಳು ಮಸುಕಾದವು. ಮೂಲೆಯ ಅಂಕಿ ನಲವತ್ತಾಯಿತು, ಐವತ್ತೆರಡಾಯಿತು. "ಮೋಡ ಮಾತ್ರ ಇರಲಿ," ಎಂದಳು ಅತ್ತೆ. ಮೋಡ ಉಳಿಯಿತು. ಅದರ ಬದಲು ಫುಟ್‌ಪಾತಿನ ಜನ ಅರ್ಧಕ್ಕರ್ಧ ಕಡಿಮೆಯಾದರು. ಅರವತ್ತಕ್ಕೆ ಬಂದು ನಿಂತಿತು. ಆಗ ಸೊಸೆ ಊಹೆಯ ಗುಂಡಿಯನ್ನು ಮತ್ತೆ ಒತ್ತಿ, ತಡ ಕಡಿಮೆ ಮಾಡುವ ಇನ್ನೊಂದು ಗುಂಡಿಯನ್ನೂ ಜೊತೆಗೆ ಒತ್ತಿ, ಫೋನು ಒರಗಿಸಿ, ಚಪ್ಪಾಳೆ ತಟ್ಟಿ ಎಣಿಸಿದಳು. ಹತ್ತೊಂಬತ್ತಕ್ಕೆ ದೀಪ ಹತ್ತಿತು. ಮೊದಲಿನ ಇಪ್ಪತ್ತಾರಕ್ಕಿಂತ ಚುರುಕು.

ಊಹೆಯಿಲ್ಲದೆಯೂ ಒಮ್ಮೆ ಅಳೆ ಎಂದು ಡ್ರೈವರ್ ಹಟ ಹಿಡಿದರು. ಹದಿನಾಲ್ಕು ಬಂತು.

"ಐದು ತುಂಡು ವ್ಯತ್ಯಾಸ ಇದೆ. ಗೊತ್ತಾಗುತ್ತಾ ಮಾವ?"

ಅವರು ಒಂದು ಸುತ್ತು ಓಡಿಸಿ ಬಂದು ಹೇಳಿದರು: "ಗೊತ್ತಾಗುತ್ತೆ. ಲೋಡು ಜಾಸ್ತಿ ಇರೋ ದಿನ ಬಸ್ಸು ಇಷ್ಟೇ ತಡ ಮಾಡ್ತಿತ್ತು. ಇದು ಸರಿಯೇ. ಇವಳು ಕೂತಿದಾಳೆ ಅಂತ ಲೆಕ್ಕ."

"ನನ್ನನ್ನ ಲೋಡು ಅಂತೀರಾ?" ಎಂದಳು ಹೆಂಡತಿ, ದಾರ ಕಚ್ಚಿ ಕತ್ತರಿಸುತ್ತಾ.

ಸೊಸೆ ಒಂದು ನೋಟ್‌ಬುಕ್ ತಂದು ಮೇಜಿನ ಕಾಲಿಗೆ ದಾರ ಕಟ್ಟಿ ತೂಗಹಾಕಿದಳು. ಮೊದಲ ಪುಟದಲ್ಲಿ ತಾರೀಕು ಹಾಕಿ, ಏನೇನು ಬದಲಾಯಿಸಿದೆ ಎಂದು ಬರೆದು ಸಹಿ ಮಾಡಿದಳು. ಡ್ರೈವರ್ ಕನ್ನಡಕ ಏರಿಸಿ ಒಂದಕ್ಷರ ಬಿಡದೆ ಓದಿ, ಕೆಳಗೆ ತಮ್ಮ ಸಹಿ ಹಾಕಿದರು. ಬಲಗೈಯಲ್ಲಿ. ಸಹಿ ಸೊಟ್ಟಗಿತ್ತು.

ಶನಿವಾರ ಅವರೇ ಹಳೆಯ ಕಂಡಕ್ಟರಿಗೆ ಫೋನು ಮಾಡಿದರು. ಆ ಕಡೆಯಿಂದ, "ಯಾಕೆ, ಅವತ್ತು ಆಗಲ್ಲ ಅಂದೆ?" ಎಂಬ ಪ್ರಶ್ನೆ ಬಂತು. "ಅದು ಬೇರೆ ಕಥೆ. ನಿಧಾನವಾಗಿ ಹೇಳ್ತೀನಿ," ಎಂದರು.

ತರಬೇತಿಗೆ ಹೋಗಲು ಡಾಕ್ಟರ್ ಒಪ್ಪಿದರು, ಆದರೆ ಪೆಡಲು ಮುಟ್ಟುವ ಹಾಗಿಲ್ಲ, ಪಕ್ಕದಲ್ಲಿ ಕೂತು ಮಾತಾಡುವುದು ಮಾತ್ರ ಎಂದು ಗಟ್ಟಿಯಾಗಿ ಹೇಳಿ. ಲೈಸೆನ್ಸು ಮರಳಿ ಬರಲಿಲ್ಲ, ಬರುವುದೂ ಇರಲಿಲ್ಲ. ಅದನ್ನು ಅವರೂ ಕೇಳಲಿಲ್ಲ.

ಮೊದಲ ದಿನ ಅವರ ಪಾಲಿಗೆ ಬಂದದ್ದು ಮೂವತ್ತರ ಆಸುಪಾಸಿನ ಹೆಂಗಸು. ಮೊದಲು ಹಾಲಿನ ವ್ಯಾನು ಓಡಿಸುತ್ತಿದ್ದವಳು. ಡಿಪೋದ ಹಿಂದಿನ ಖಾಲಿ ಅಂಗಳದಲ್ಲಿ ಬಿಳಿ ಗೆರೆ ಎಳೆದು, ಅದರ ಮೇಲೆ ನಿಲ್ಲಿಸುವ ಪಾಠ. ಅವಳು ಮೂರು ಸಲ ಪ್ರಯತ್ನ ಮಾಡಿದಳು. ಮೂರು ಸಲವೂ ಗೆರೆ ದಾಟಿ, ಇಡೀ ಬಸ್ಸು ಮುಂದಕ್ಕೆ ಬಾಗಿ ಹಿಂದಕ್ಕೆ ಬಿದ್ದ ಹಾಗೆ ನಿಲ್ಲಿಸಿದಳು. ಅವಳ ಕುತ್ತಿಗೆ ಬೆವೆತಿತ್ತು.

"ಬ್ರೇಕು ತಡವಾಗಿ ಹಿಡೀತಿದೆ ಸಾರ್," ಎಂದಳು. ಹೇಳಿದ ಮೇಲೆ ಬೈಗುಳ ಕಾಯುವವಳ ಹಾಗೆ ಮುಖ ಸಣ್ಣ ಮಾಡಿಕೊಂಡಳು.

ಮೂವತ್ತೊಂದು ವರ್ಷಗಳಲ್ಲಿ ಈ ಮಾತು ಹೇಳಿದ ಎಷ್ಟೋ ಹೊಸಬರಿಗೆ ಅವರು ಕೊಟ್ಟಿದ್ದ ಉತ್ತರ ಒಂದೇ: ಬ್ರೇಕು ಸರಿಯಾಗಿದೆ, ನಿನ್ನ ಕಾಲು ನೋಡಿಕೋ. ಆ ಉತ್ತರ ಈಗಲೂ ನಾಲಗೆಯ ತುದಿಗೆ ಬಂದಿತ್ತು. ಅವರು ಅದನ್ನು ನುಂಗಿದರು. ಕಂಬಿ ಹಿಡಿದು ಮೆಲ್ಲಗೆ ಕೆಳಗಿಳಿದು, ವರ್ಕ್‌ಶಾಪಿನ ಕಡೆ ನಡೆದು ಹೋಗಿ, "ಸ್ವಲ್ಪ ಬಾಪ್ಪ. ಈ ಬಸ್ಸಿನ ಬ್ರೇಕು ನೋಡಬೇಕು," ಎಂದು ಮೆಕ್ಯಾನಿಕ್ಕನ್ನು ಕರೆದರು.

ಮೆಕ್ಯಾನಿಕ್ ಗಾಳಿಯ ಒತ್ತಡ ನೋಡಿದ, ಕೆಳಗೆ ಮಲಗಿ ಪ್ಯಾಡುಗಳಿಗೆ ಟಾರ್ಚು ಬಿಟ್ಟು ನೋಡಿದ. ಕಾಲು ಗಂಟೆಯ ಮೇಲೆ ಎಣ್ಣೆ ಹತ್ತಿದ ಕೈ ಒರೆಸುತ್ತಾ ಎದ್ದ. "ಬ್ರೇಕಿನಲ್ಲಿ ಏನೂ ಇಲ್ಲ. ಹೋದ ವಾರ ಹೊಸದು ಹಾಕಿದೀವಿ."

ಹೆಂಗಸಿನ ಮುಖ ಇಳಿಯಿತು. "ಹಾಗಾದ್ರೆ ನನ್ನದೇ ತಪ್ಪು ಸಾರ್."

"ಇರು, ಅಷ್ಟು ಬೇಗ ಒಪ್ಕೋಬೇಡ," ಎಂದರು ಬೆಣ್ಣೆ ಡ್ರೈವರ್. ಮತ್ತೆ ಹತ್ತಿ, ಅವಳ ಮೊಣಕಾಲಿನಿಂದ ಪೆಡಲಿನವರೆಗೆ ಕಣ್ಣಿನಲ್ಲೇ ಅಳೆದರು. ಹಿಂದಿನ ಸರದಿಯವನು ಆರಡಿ ಎತ್ತರದ ಆಳು. ಸೀಟು ಅವನ ಅಳತೆಗೇ ಹಿಂದಿತ್ತು. ಇವಳ ಹಿಮ್ಮಡಿ ನೆಲ ಮುಟ್ಟದೆ ಗಾಳಿಯಲ್ಲಿ ತೂಗುತ್ತಿತ್ತು. ಪಾಪ, ಪ್ರತಿ ಸಲವೂ ಕಾಲನ್ನು ಎತ್ತಿ ಎಸೆಯಬೇಕಾಗುತ್ತಿತ್ತು. ಅವರು ಸೀಟಿನ ಕೆಳಗಿನ ಸರಳು ತೋರಿಸಿ, ಸೀಟನ್ನು ಮೂರು ಹಲ್ಲಿನಷ್ಟು ಮುಂದಕ್ಕೆ ಎಳೆಸಿದರು.

"ಈಗ ಹಿಮ್ಮಡಿ ಊರು. ಹಾಂ. ಹೋಗೋಣ."

ನಾಲ್ಕನೆಯ ಸಲವೂ ಗೆರೆ ದಾಟಿತು, ಆದರೆ ಒಂದು ಗೇಣು ಮಾತ್ರ. ಬಸ್ಸು ಮುಗ್ಗರಿಸಲಿಲ್ಲ.

"ಇನ್ನೊಂದ್ ಸಲ," ಎಂದರು. ಅವಳು ಬಸ್ಸನ್ನು ಹಿಂದಕ್ಕೆ ತೆಗೆದಳು.